ಬಲಗಡೆಯ ಜಾಯ್‌ಸ್ಟಿಕ್

ಫೆಬ್ರವರಿ 9

ಪ್ರೀತಿಯ ತಂತಿ,

ಹಡಗಿನ ವಿಳಾಸಕ್ಕೆ ಇ-ಮೇಲ್ ಹಾಕಿದರೆ ನೀನು ಯಾವ ಸಮುದ್ರದ ನಡುವೆ ಇದ್ದರೂ ತಲುಪುತ್ತದೆ ಎಂದಿದ್ದೆ. ಅದನ್ನು ನಂಬಿ ಬರೆಯುತ್ತಿದ್ದೇನೆ. ನಿಮ್ಮಣ್ಣ ಚಿಕ್ಕಂದಿನಲ್ಲಿ ಇಟ್ಟ ಅಡ್ಡಹೆಸರಿಗೆ ತಕ್ಕ ಹಾಗೆ ಸಮುದ್ರದ ತಳದಲ್ಲಿ ತುಂಡಾದ ಕೇಬಲ್ ಎತ್ತಿ ಬೆಸೆಯುವವಳ ಮುಂದೆ ಮನೆಯ ಮೂಲೆಯ ಕಂಪ್ಯೂಟರಿನ ಗೋಳು ತೋಡಿಕೊಳ್ಳಲು ಸಂಕೋಚವಾಗುತ್ತದೆ. ಆದರೆ ಈ ಗೋಳಿಗೆ ಮೂಲ ನೀನೇ.

ಕಳೆದ ರಜೆಯಲ್ಲಿ ಬಂದಾಗ ಏನಂದೆ, ನೆನಪಿದೆಯೇ? "ಅತ್ತಿಗೆ, ಈ ಮುದಿ ಪೆಟ್ಟಿಗೆಗೆ ವಿಂಡೋಸ್ ಹೊರೋ ಶಕ್ತಿ ಇಲ್ಲ. ಲಿನಕ್ಸ್ ಹಾಕ್ತೀನಿ, ಕುದುರೆ ಥರ ಓಡುತ್ತೆ ನೋಡಿ." ಓಡುತ್ತಿದೆ, ಇಲ್ಲವೆನ್ನುವುದಿಲ್ಲ. ನನ್ನ ಹೊಲಿಗೆ ಅಂಗಡಿಯ ಬಿಲ್ಲು, ಗಿರಾಕಿಗಳ ಅಳತೆ, ಎಲ್ಲ ಸಲೀಸು. ಈಗ ನಿಮ್ಮಣ್ಣನಿಗೆ ಒಂದು ಗೇಮ್ ಬೇಕಾಗಿದೆ. ಬಂದರಿನಲ್ಲಿ ಕ್ರೇನ್ ನಡೆಸುವ ಹಳೆಯ ಗೇಮ್, ವಿಂಡೋಸ್‌ನದು. ಎರಡು ಜಾಯ್‌ಸ್ಟಿಕ್ ಕೂಡ ತಂದಿದ್ದಾರೆ, ಎಡಗೈಗೊಂದು, ಬಲಗೈಗೊಂದು. ಗೇಮನ್ನು ಹೊರಗೆ ಸಿಕ್ಕಿಸುವ ಡಿಸ್ಕಿಗೆ ಇಳಿಸಿಕೊಂಡು, ಅದರ ಮೇಲೆ ಎರಡು ಸಲ ಒತ್ತಿದರೆ ಕಂಪ್ಯೂಟರು "ಇದನ್ನು ತೆರೆಯುವ ಪ್ರೋಗ್ರಾಮ್ ನನ್ನಲ್ಲಿಲ್ಲ" ಎಂದು ಹೇಳಿ ಕೈಕಟ್ಟಿ ಕೂರುತ್ತದೆ.

ದಿನವಿಡೀ ಕ್ರೇನ್ ನಡೆಸುವವರಿಗೆ ಮನೆಗೆ ಬಂದ ಮೇಲೂ ಕ್ರೇನೇ ಬೇಕೇ ಎಂದು ಕೇಳಬೇಡ. ಬೇಕಂತೆ. ಸ್ವಲ್ಪ ಬೇಗನೆ ದಾರಿ ಹೇಳು.

ನಿನ್ನ ಅತ್ತಿಗೆ


ಫೆಬ್ರವರಿ 11

ಅತ್ತಿಗೆ,

ನಿಮ್ಮ ಪತ್ರ ಓದಿ ಊಟದ ಕೋಣೆಯಲ್ಲಿ ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದ ಎಂಜಿನ್ ಕೋಣೆಯವನು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ. ಅಕ್ಕಸಾಲಿಗ ಮನೆಗೆ ಬಂದು ಆಟಕ್ಕೆಂದು ಚಿನ್ನ ಕುಟ್ಟಿದ ಹಾಗಾಯಿತು ಅಣ್ಣನ ಕಥೆ. ಚಿಕ್ಕಂದಿನಲ್ಲಿ ನಾನು ಒಂದು ಗಂಟೆ ಕಂಪ್ಯೂಟರ್ ಮುಂದೆ ಕೂತರೆ "ತಂತಿ, ಕಣ್ಣು ಕಳ್ಕೋತೀಯ" ಎಂದು ಪ್ಲಗ್ ಕಿತ್ತವನು ಇವನೇ. ಈಗ ಅವನಿಗೆ ಗೇಮ್. ಹೇಳಿ ಅವನಿಗೆ, ಕಣ್ಣು ಜೋಪಾನ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಹಡಗಿಗೆ ಬರೀ ಅಕ್ಷರದ ಮೇಲ್ ಬರುತ್ತದೆ. ಫೋಟೋ ಕಳಿಸಿದರೆ ದಾರಿಯಲ್ಲೇ ಉದುರಿಹೋಗುತ್ತದೆ. ಫೋನೂ ಇಲ್ಲ. ಹಾಗಾಗಿ ನಿಮ್ಮ ಕಣ್ಣಿಗೆ ಕಂಡದ್ದನ್ನು ನೀವು ಬರೆದರೆ ಮಾತ್ರ ನನಗೆ ಕಾಣುತ್ತದೆ.

ವಿಂಡೋಸ್ ಗೇಮ್ ಒಂದು ಭಾಷೆ ಆಡುತ್ತದೆ, ಲಿನಕ್ಸ್ ಇನ್ನೊಂದು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯ ಹೆಸರು ವೈನ್. ನಗಬೇಡಿ, ಹೆಸರೇ ಹಾಗೆ. ತಂತ್ರಾಂಶದ ಅಂಗಡಿ ಎಂಬ ಚಿತ್ರ ಕೆಳಗಿನ ಪಟ್ಟಿಯಲ್ಲಿದೆ. ಅದರಲ್ಲಿ ಹುಡುಕಿ ಹಾಕಿಕೊಳ್ಳಿ. ಆಮೇಲೆ ಗೇಮಿನ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿದರೆ 'ವೈನ್ ಮೂಲಕ ತೆರೆ' ಎಂದು ಬರುತ್ತದೆ.

ತಂತಿ


ಫೆಬ್ರವರಿ 15

ತಂತಿ,

ವೈನ್ ಹಾಕಿದೆ. ಹಾಕುವಾಗ ಒಂದು ತಮಾಷೆ. ನಿಮ್ಮಣ್ಣ ಒಳಕೋಣೆಯಿಂದ "ವೈನ್ ಹಾಕಿದ್ಯಾ? ಸರಿಹೋಯ್ತಾ?" ಎಂದು ಕೂಗಿದರು. ನಾನು ಮನೆಮುಂದಿನ ಅಂಗಡಿಯಿಂದ "ಹಾಕಿದೆ, ಇನ್ನೂ ಏರಿಲ್ಲ" ಎಂದೆ. ಎದುರಿಗೆ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಿದ್ದ ಶಾಲೆಯ ಮುಖ್ಯೋಪಾಧ್ಯಾಯಿನಿ ನನ್ನ ಮುಖ ನೋಡಿದರು, ಗೋಡೆಯ ಗಡಿಯಾರ ನೋಡಿದರು, ಕೋಟು ಕೊಟ್ಟು ಹೋದರು.

ಗೇಮ್ ಮಾತ್ರ ಬರಲಿಲ್ಲ. ಒತ್ತಿದರೆ ಬಾಣದ ಪಕ್ಕದಲ್ಲಿ ಒಂದು ಚಕ್ರ ಸ್ವಲ್ಪ ಹೊತ್ತು ತಿರುಗಿ ನಿಲ್ಲುತ್ತದೆ. ಅಷ್ಟೇ. ಬಾಗಿಲು ತಟ್ಟಿದಾಗ ಒಳಗೆ ಹೆಜ್ಜೆ ಸಪ್ಪಳ ಕೇಳಿಸಿ, ಆಮೇಲೆ ಯಾರೂ ಬಾಗಿಲು ತೆರೆಯದ ಹಾಗೆ. ನಿಮ್ಮಣ್ಣ ಕೂತು ಕೂತು ನೋಡಿ ಎದ್ದು ಹೋದರು.

ಅತ್ತಿಗೆ


ಫೆಬ್ರವರಿ 16

ಅತ್ತಿಗೆ,

ಬಾಗಿಲು ತೆರೆಯದಿದ್ದರೆ ಒಳಗಿರುವವರು ಏನು ಗೊಣಗುತ್ತಿದ್ದಾರೆ ಎಂದು ಕೇಳಿಸಿಕೊಳ್ಳಬೇಕು. ಅದಕ್ಕೊಂದು ಕಪ್ಪು ಕಿಟಕಿ ಇದೆ, ಟರ್ಮಿನಲ್ ಎನ್ನುತ್ತಾರೆ. ಅದನ್ನು ತೆರೆದು, ನಾನು ಕೆಳಗೆ ಬರೆದ ಸಾಲನ್ನು ಹಾಗೆಯೇ ಅಂಟಿಸಿ ಎಂಟರ್ ಒತ್ತಿ. ಗೇಮ್ ಏಳಲು ನೋಡುತ್ತದೆ, ಬೀಳುತ್ತದೆ, ಬೀಳುವ ಮೊದಲು ಯಾಕೆ ಬಿದ್ದೆ ಎಂದು ಅಲ್ಲಿ ಬರೆಯುತ್ತದೆ. ಅದನ್ನೆಲ್ಲ ನಕಲು ಮಾಡಿ ನನಗೆ ಕಳಿಸಿ. ನಿಮ್ಮ ಮಾತಿನಲ್ಲಿ ಹೇಳಬೇಡಿ. "ಏನೋ ಸಿಟ್ಟು ಮಾಡ್ಕೊಂಡಿದೆ" ಎಂದರೆ ನನಗೆ ಗೊತ್ತಾಗುವುದಿಲ್ಲ. ಅದರ ಬಾಯಿಂದಲೇ ಬರಬೇಕು.

ತಂತಿ


ಫೆಬ್ರವರಿ 20

ತಂತಿ,

ಅದು ಉಗುಳಿದ್ದನ್ನೆಲ್ಲ ಕೆಳಗೆ ಅಂಟಿಸಿದ್ದೇನೆ. ನನಗೆ ಅದರಲ್ಲಿ ಅರ್ಥವಾದದ್ದು 'ಇಲ್ಲ' ಎಂಬ ಒಂದೇ ಮಾತು, ಅದು ಬೇಕಾದಷ್ಟು ಸಲ ಬಂದಿದೆ. ನಿನ್ನೆ ಮಧ್ಯಾಹ್ನ ನಿಮ್ಮಣ್ಣನೂ ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಓದಿದರು. "ನಮ್ಮ ಮೇಸ್ತ್ರಿಗಿಂತ ವಾಸಿ ಕಣೇ ಇದು, ತಪ್ಪು ಎಲ್ಲಿ ಅಂತನಾದ್ರೂ ಹೇಳುತ್ತೆ" ಎಂದರು. ತುಂಬ ದಿನದ ಮೇಲೆ ಒಂದು ತಮಾಷೆಯ ಮಾತಾಡಿದ್ದು.

ಅತ್ತಿಗೆ


ಫೆಬ್ರವರಿ 22

ಅತ್ತಿಗೆ,

ಸಿಕ್ಕಿತು. ಒಂದಲ್ಲ, ಎರಡು ತೊಂದರೆ.

ಗೇಮ್ ಹಳೆಯ ಕಾಲದ್ದು. ಚಿತ್ರ ಬಿಡಿಸಲು ಅದಕ್ಕೆ ಗ್ರಾಫಿಕ್ಸ್ ಡ್ರೈವರಿನ ಹಳೆಯ ರೂಪವೂ ಬೇಕು. ನಿಮ್ಮ ಪೆಟ್ಟಿಗೆಯಲ್ಲಿ ನಾನು ಹೊಸದನ್ನು ಮಾತ್ರ ಹಾಕಿದ್ದೆ. ಅದನ್ನು ತರಿಸುವ ಸಾಲು ಕೆಳಗಿದೆ. ಎರಡನೆಯದು, ಗೇಮ್ ಕೂತಿರುವ ಹೊರಗಿನ ಡಿಸ್ಕು ವಿಂಡೋಸ್ ಪದ್ಧತಿಯದು. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲು ಬಿಡುವುದಿಲ್ಲವಲ್ಲ, ಹಾಗೆ ಅಲ್ಲಿ ವೈನಿಗೆ ತನಗೆ ಬೇಕಾದ್ದನ್ನು ಮಾಡಿಕೊಳ್ಳಲು ಬಿಡುತ್ತಿಲ್ಲ. ಗೇಮನ್ನು ಪೂರ್ತಿ ಎತ್ತಿ ನಿಮ್ಮ ಸ್ವಂತ ಫೋಲ್ಡರಿಗೆ ತನ್ನಿ. ಎರಡೂ ಮಾಡಿದ ಮೇಲೂ ಪರದೆ ಕಪ್ಪಾಗೇ ಇದ್ದರೆ ವೈನಿನ ಬೇರೊಂದು ಆವೃತ್ತಿ ಹಾಕಿ ನೋಡಬೇಕಾಗುತ್ತದೆ. ಅದನ್ನೂ ಬರೆದಿದ್ದೇನೆ.

ಅಣ್ಣ ಮಧ್ಯಾಹ್ನ ಮನೆಯಲ್ಲಿದ್ದನೇ? ಪಾಳಿ ಬದಲಾಯಿತೇ? ರಾತ್ರಿ ಪಾಳಿ ಬೇಡವೆಂದು ವರ್ಷಗಟ್ಟಲೆ ಜಗಳ ಆಡಿದವನು.

ತಂತಿ


ಮಾರ್ಚ್ 1

ತಂತಿ,

ಬಂತು ಕಣೇ. ಬಂತು.

ಡ್ರೈವರು ಹಾಕಿದೆ, ಗೇಮನ್ನು ಒಳಗೆ ತಂದೆ. ಮೊದಲು ಪರದೆ ಕಪ್ಪಗಾಗಿ ಬರೀ ಅಲೆಯ ಸದ್ದು, ಹಕ್ಕಿಯ ಸದ್ದು. ಕುರುಡರ ಬಂದರಿನ ಹಾಗೆ. ನೀನು ಹೇಳಿದ ಹಾಗೆ ಆವೃತ್ತಿ ಬದಲಿಸಿದೆ. ಎರಡನೆಯದೂ ಕಪ್ಪು. ಮೂರನೆಯದಕ್ಕೆ ಬೆಳಕು ಹರಿದು, ನೀರು, ಹಡಗು, ಆಕಾಶದೆತ್ತರದ ಕ್ರೇನ್, ಅದರ ಹಗ್ಗದಲ್ಲಿ ತೂಗುವ ಸರಕಿನ ಪೆಟ್ಟಿಗೆ ಕಾಣಿಸಿತು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ನಿಮ್ಮಣ್ಣ ಹತ್ತಿರ ಬಂದು ನೋಡಿ, "ಇದನ್ನ ಮಾಡ್ದೋರು ಗಾಳಿ ಅನ್ನೋದನ್ನೇ ನೋಡಿಲ್ಲ. ಇಷ್ಟುದ್ದ ಹಗ್ಗ, ಪೆಟ್ಟಿಗೆ ಅಲ್ಲಾಡೋದೇ ಇಲ್ವಲ್ಲ" ಎಂದು ತಪ್ಪು ಹುಡುಕಿದರು. ತಪ್ಪು ಹುಡುಕಿದರೆಂದರೆ ಇಷ್ಟವಾಯಿತೆಂದೇ ಅರ್ಥ.

ಈಗ ಉಳಿದದ್ದು ಜಾಯ್‌ಸ್ಟಿಕ್. ಎಡಗಡೆಯದು ಸರಿ ಇದೆ, ಕ್ರೇನಿನ ಗಾಡಿ ಹಿಂದೆ ಮುಂದೆ ಚೆನ್ನಾಗಿ ಓಡುತ್ತದೆ. ಬಲಗಡೆಯದು ಪೆಟ್ಟಿಗೆ ಎತ್ತಿ ಇಳಿಸುವುದು. ಅದಕ್ಕೆ ಮಾತ್ರ ಗೇಮ್ ಕಿವಿಗೊಡುತ್ತಿಲ್ಲ. ಪೆಟ್ಟಿಗೆ ನೆಲದಿಂದ ಸ್ವಲ್ಪ ಎದ್ದು ಹಾಗೇ ನಿಲ್ಲುತ್ತದೆ.

ಅತ್ತಿಗೆ


ಮಾರ್ಚ್ 3

ಅತ್ತಿಗೆ,

ನಿಮ್ಮನ್ನು ನಮ್ಮ ಹಡಗಿಗೆ ಕರೆಸಿಕೊಳ್ಳಲು ಕ್ಯಾಪ್ಟನ್ನಿಗೆ ಹೇಳುತ್ತೇನೆ. ಮೂರು ಆವೃತ್ತಿ ಬದಲಿಸುವ ತಾಳ್ಮೆ ಇಲ್ಲಿ ಯಾರಿಗೂ ಇಲ್ಲ.

ಜಾಯ್‌ಸ್ಟಿಕ್ಕಿಗೆ ಒಂದು ಪರೀಕ್ಷೆಯ ಪ್ರೋಗ್ರಾಮ್ ಇದೆ. ಕೋಲನ್ನು ಎಷ್ಟು ತಳ್ಳಿದರೆ ಎಷ್ಟು ಅಂಕಿ ಎಂದು ತೋರಿಸುತ್ತದೆ. ನಡುವೆ ಸೊನ್ನೆ, ತುದಿಯಲ್ಲಿ ಮೂವತ್ತೆರಡು ಸಾವಿರ ಚಿಲ್ಲರೆ. ಅಣ್ಣ ಎರಡನ್ನೂ ತುದಿ ಮುಟ್ಟುವವರೆಗೆ ಹಲವು ಸಲ ತಳ್ಳಲಿ. ಬಂದ ಅಂಕಿಗಳನ್ನು ಕಳಿಸಿ.

ಅಂದ ಹಾಗೆ ಪಾಳಿಯ ಮಾತಿಗೆ ನೀವು ಉತ್ತರ ಕೊಡಲಿಲ್ಲ.

ತಂತಿ


ಮಾರ್ಚ್ 6

ತಂತಿ,

ಅಂಕಿಗಳು ಕೆಳಗಿವೆ. ಎಡಗಡೆಯದು ಪ್ರತಿ ಸಲವೂ ತುದಿ ಮುಟ್ಟಿದೆ. ಬಲಗಡೆಯದು ಎಂಟು ಸಾವಿರ ದಾಟುತ್ತಿಲ್ಲ. ಪಾಳಿ ಏನೋ ಬದಲಾಗಿದೆ, ಅವರೇ ಬರೆಯುತ್ತಾರೆ ಬಿಡು. ಇದಕ್ಕೇನು ಮಾಡಬೇಕು ಹೇಳು.

ಅತ್ತಿಗೆ


ಮಾರ್ಚ್ 7

ಅತ್ತಿಗೆ,

ಬಲಗಡೆಯ ಜಾಯ್‌ಸ್ಟಿಕ್ ಕೆಟ್ಟಿದೆ. ಅನುಮಾನವೇ ಇಲ್ಲ. ವೈನ್, ಲಿನಕ್ಸ್, ಯಾವುದರ ತಪ್ಪೂ ಅಲ್ಲ. ಅಂಗಡಿಗೆ ವಾಪಸ್ ಕೊಟ್ಟು ಬೇರೆಯದು ತರಲಿ. ಅಣ್ಣನಿಗೆ ಹೇಳಿ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಈ ಸಲ ಅವನಿಗೆ ಅನ್ವಯಿಸುವುದಿಲ್ಲ. ನೆಲವೇ ಡೊಂಕು.

ಇಲ್ಲಿ ಕೇಬಲ್ಲಿನ ತುಂಡು ಸಿಕ್ಕಿದೆ. ಕೆಲಸ ಜೋರು. ಅವಸರದಲ್ಲಿ ಬರೆದೆ.

ತಂತಿ


ಮಾರ್ಚ್ 17

ಅತ್ತಿಗೆ,

ಹತ್ತು ದಿನವಾಯಿತು. ಜಾಯ್‌ಸ್ಟಿಕ್ ಬದಲಿಸಿದರೇ? ಗೇಮ್ ಆಡಿ ಆಡಿ ಅಣ್ಣ ನಿಮ್ಮನ್ನು ಕಂಪ್ಯೂಟರ್ ಹತ್ತಿರವೇ ಬಿಡುತ್ತಿಲ್ಲವೇನೋ. ಒಂದು ಸಾಲು ಹಾಕಿ.

ತಂತಿ


ಮಾರ್ಚ್ 24

ಅತ್ತಿಗೆ,

ನಿಮ್ಮಿಂದ ಉತ್ತರವಿಲ್ಲ. ಇವತ್ತು ಬಿಡುವಿತ್ತು. ನೀವು ಕಳಿಸಿದ ಅಂಕಿಗಳನ್ನು ಮತ್ತೆ ತೆಗೆದು ನೋಡಿದೆ. ಮೊದಲ ಸಲ ದೊಡ್ಡ ಅಂಕಿ ಎಷ್ಟು ಎಂದಷ್ಟೇ ನೋಡಿದ್ದೆ. ಈ ಸಲ ಎಲ್ಲವನ್ನೂ ಓದಿದೆ.

ಕೆಟ್ಟ ಜಾಯ್‌ಸ್ಟಿಕ್ ಹೀಗೆ ಕೆಡುವುದಿಲ್ಲ, ಅತ್ತಿಗೆ. ಒಳಗಿನ ತಂತಿ ಬಿಟ್ಟಿದ್ದರೆ ಅಂಕಿ ಬರುವುದೇ ಇಲ್ಲ, ಇಲ್ಲವೇ ಹುಚ್ಚುಹುಚ್ಚಾಗಿ ಹಾರುತ್ತದೆ. ಇಲ್ಲಿ ಪ್ರತಿ ಸಲವೂ ಅಂಕಿ ನಿಧಾನವಾಗಿ ಏರುತ್ತದೆ, ನಡುಗುತ್ತದೆ, ಎಂಟು ಸಾವಿರದ ಹತ್ತಿರ ನಿಲ್ಲುತ್ತದೆ. ಮುಂದಿನ ಸಲ ಏಳು ಸಾವಿರಕ್ಕೆ. ಆಮೇಲೆ ಆರು. ಯಂತ್ರಕ್ಕೆ ಸುಸ್ತಾಗುವುದಿಲ್ಲ. ಇದಕ್ಕೆ ಸುಸ್ತಾಗಿದೆ.

ಒಂದು ಕೆಲಸ ಮಾಡಿ. ಅದೇ ಬಲಗಡೆಯ ಜಾಯ್‌ಸ್ಟಿಕ್ಕನ್ನು ನಿಮ್ಮ ಕೈಯಿಂದ ತಳ್ಳಿ. ಎಷ್ಟು ಬಂತು ಬರೆಯಿರಿ. ತುದಿ ಮುಟ್ಟಿದರೆ, ಅಣ್ಣನ ಬಲಗೈಗೆ ಏನಾಗಿದೆ ಎಂದೂ ಬರೆಯಿರಿ. ಪಾಳಿಯ ಕಥೆ ಹೇಳಬೇಡಿ.

ತಂತಿ


ಮಾರ್ಚ್ 26

ತಂತಿ,

ತುದಿ ಮುಟ್ಟಿತು. ಆ ವಿಷಯ ನನಗೆ ಮೊದಲೇ ಗೊತ್ತಿತ್ತು.

ಡಿಸೆಂಬರಿನಲ್ಲಿ ನಿಮ್ಮಣ್ಣ ಕ್ರೇನಿನ ಏಣಿ ಇಳಿಯುವಾಗ ಕೊನೆಯ ಮೆಟ್ಟಿಲಲ್ಲಿ ಜಾರಿ ಕೈ ಊರಿ ಬಿದ್ದರು. ಮುಂಗೈ ಮುರಿಯಿತು. ಮೂಳೆ ಕೂಡಿತು, ಆದರೆ ಒಳಗೆ ನರ ಜಜ್ಜಿಹೋಗಿತ್ತು. ಆಪರೇಷನ್ ಆಯಿತು. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳಿಗೆ ಬಲವಿಲ್ಲ. ಅಂಗಿಯ ಗುಂಡಿ ನಾನು ಹಾಕುತ್ತೇನೆ. ಜೂನ್ ತಿಂಗಳಲ್ಲಿ ಬಂದರಿನವರು ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಕೈ ನಡೆದರೆ ಕ್ರೇನ್, ಇಲ್ಲದಿದ್ದರೆ ಗೇಟಿನ ಹತ್ತಿರ ಕೂತು ಲಾರಿಗಳಿಗೆ ಚೀಟಿ ಕೊಡುವ ಕೆಲಸ. ಇಪ್ಪತ್ತು ವರ್ಷ ಆಕಾಶದಲ್ಲಿ ಕೂತವರು, ತಂತಿ. ಗೇಟಿನ ಮಾತು ಬಂದ ದಿನ ಅವರು ಊಟ ಬಿಟ್ಟರು.

ವ್ಯಾಯಾಮ ಕಲಿಸುವ ಡಾಕ್ಟರಮ್ಮ ರಬ್ಬರ್ ಚೆಂಡು ಕೊಟ್ಟರು. ಇವರಿಗೆ ಬೇಸರ. "ಚೆಂಡು ಹಿಸುಕಿ ಯಾವ ಪೆಟ್ಟಿಗೆ ಎತ್ತಲಿ?" ಎಂದು ಮೂಲೆಗೆಸೆದರು. ಆಗ ಆಕೆಯೇ ಹೇಳಿದ್ದು, "ಕೈಗೆ ಗೊತ್ತಿರೋ ಕೆಲಸ ಕೊಡಿ, ಕೈ ತಾನಾಗೇ ನೆನಪು ಮಾಡ್ಕೊಳ್ಳುತ್ತೆ. ಜಾಯ್‌ಸ್ಟಿಕ್ ಇರೋ ಗೇಮ್ ಆದ್ರೂ ಸರಿ." ಅದಕ್ಕೇ ಈ ಗೇಮಿನ ಹಿಂದೆ ಬಿದ್ದೆ.

ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಹಿಂದೆ ನನ್ನ ಆಪರೇಷನ್ನಿಗೆ ನೀನು ಹಡಗು ಬಿಟ್ಟು ಓಡಿಬಂದು, ಆಮೇಲೆ ಮತ್ತೊಂದು ಹಡಗು ಸಿಗದೆ ಎರಡು ವರ್ಷ ಮನೆಯಲ್ಲಿ ಕೂತೆಯಲ್ಲ, ಆ ಕೊರಗು ಅವರಿಗೆ ಹೋಗಿಲ್ಲ.

ನಾನು ಸುಮ್ಮನಾದದ್ದಕ್ಕೆ ಕಾರಣ ಬೇರೆ. ಜಾಯ್‌ಸ್ಟಿಕ್ ಕೆಟ್ಟಿದೆ ಎಂದು ನೀನು ಬರೆದದ್ದನ್ನು ಅವರು ಓದಿದರು. ನಾನು ಪಕ್ಕದಲ್ಲಿರಲಿಲ್ಲ. ಬಂದು ನೋಡಿದರೆ ಮುಖವೆಲ್ಲ ಬೆಳಕು. "ತಂತಿ ಹೇಳಿದಾಳೆ ಕಣೇ, ಅನುಮಾನವೇ ಇಲ್ಲವಂತೆ. ಕೈ ಅಷ್ಟೇನೂ ಹಾಳಾಗಿಲ್ಲ, ಇದೇ ಕೆಟ್ಟಿರೋದು." ಆ ಮಧ್ಯಾಹ್ನವೇ ಅಂಗಡಿಗೆ ಹೋದರು. ಅಂಗಡಿಯವನು ಅವರ ಎದುರಿಗೇ ಒಂದು ಬೆರಳಿನಿಂದ ಅದನ್ನು ತುದಿಯವರೆಗೆ ತಳ್ಳಿ ತೋರಿಸಿದನಂತೆ. "ಚೆನ್ನಾಗೇ ಇದೆಯಲ್ಲ ಸಾರ್." ಮನೆಗೆ ಬಂದು ಎರಡೂ ಜಾಯ್‌ಸ್ಟಿಕ್ ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. ಅವತ್ತಿನಿಂದ ನನ್ನ ಜೊತೆಗೂ ಮಾತು ಕಡಿಮೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳೋಣವೆಂದರೆ, ಸತ್ಯ ಹೇಳದೆ ಉತ್ತರ ಕೇಳಿದವಳು ನಾನೇ. ಬರಬೇಡ. ಬಂದರೆ ನನ್ನನ್ನು ಅವರು ಕ್ಷಮಿಸುವುದಿಲ್ಲ.

ಅತ್ತಿಗೆ


ಮಾರ್ಚ್ 27

ಅತ್ತಿಗೆ,

ಬೆಳಿಗ್ಗೆ ಒಂದು ಪತ್ರ ಬರೆದು ಅಳಿಸಿದೆ. ಅದರಲ್ಲಿ ಬರೀ ಸಿಟ್ಟಿತ್ತು. ನಾಲ್ಕು ತಿಂಗಳು ಇಬ್ಬರೂ ಸೇರಿ ನನ್ನನ್ನು ಹೊರಗಿಟ್ಟಿರಿ. ನಾನು ಗೇಮಿನ ಬಗ್ಗೆ ಜೋಕು ಹೊಡೆದುಕೊಂಡು ಕೂತಿದ್ದೆ. ನೆಲ ಡೊಂಕು ಎಂದವಳು ನಾನು. ಅಂಗಡಿಯಲ್ಲಿ ಅಣ್ಣ ನಿಂತಿದ್ದ ಹೊತ್ತನ್ನು ನೆನೆದರೆ ಕೈಗೆ ಕೆಲಸ ಹತ್ತುವುದಿಲ್ಲ.

ಬರುವುದಿಲ್ಲ, ಹೆದರಬೇಡಿ. ಬರಬೇಕೆಂದರೂ ದಡ ಹತ್ತಿರವಿಲ್ಲ. ಆದರೆ ಇಲ್ಲಿಂದಲೇ ಮಾಡಬಹುದಾದದ್ದು ಒಂದಿದೆ.

ಪರೀಕ್ಷೆಯ ಪ್ರೋಗ್ರಾಮಿನಲ್ಲೇ ಇನ್ನೊಂದು ಗುಂಡಿ ಇದೆ. ಕೋಲು ಎಲ್ಲಿಗೆ ಬಂದರೆ 'ತುದಿ' ಎಂದು ತಿಳಿಯಬೇಕೆಂದು ಕಂಪ್ಯೂಟರಿಗೆ ನಾವೇ ಹೇಳಿಕೊಡಬಹುದು. ಈಗ ಅಣ್ಣನ ಕೈ ಏಳೆಂಟು ಸಾವಿರ ಮುಟ್ಟುತ್ತದಲ್ಲ, ಅದನ್ನೇ ತುದಿ ಎನ್ನಿ. ಗೇಮ್ ನಂಬುತ್ತದೆ. ಪೆಟ್ಟಿಗೆ ಪೂರ್ತಿ ಮೇಲೇಳುತ್ತದೆ. ಕೈಗೆ ಸ್ವಲ್ಪ ಬಲ ಬಂತು ಅನ್ನಿಸಿದಾಗ ತುದಿಯನ್ನು ತುಸು ದೂರ ಸರಿಸಿ. ಮತ್ತೆ ತುಸು. ಅವಸರ ಬೇಡ. ಡಾಕ್ಟರಮ್ಮನನ್ನು ಮಾತ್ರ ಮೊದಲು ಕೇಳಿ.

ಅಣ್ಣನಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ನನಗೆ ಗೊತ್ತಿರುವ ಅಣ್ಣನಾದರೆ, ರಿಯಾಯಿತಿ ಎಂದು ತಿಳಿದರೆ ಮುಟ್ಟುವುದಿಲ್ಲ.

ನಿಮ್ಮ ತಂತಿ


ಏಪ್ರಿಲ್ 8

ತಂತಿ,

ನೀನು ಹೇಳಿದ್ದು ನನಗೆ ಹೊಸದೇನಲ್ಲ. ಬೆಳೆಯುವ ಮಗುವಿನ ಬಟ್ಟೆಗೆ ಒಳಗೆ ಮಡಿಸಿ ಹಿಡಿದು ಹೊಲಿಯುತ್ತೇವೆ, ಬೆಳೆದ ಹಾಗೆ ಬಿಚ್ಚುತ್ತೇವೆ. ಡಾಕ್ಟರಮ್ಮನನ್ನು ಕೇಳಿದೆ. "ನಾನೇ ಹೇಳ್ಬೇಕಿತ್ತು ಇದನ್ನ. ಆದ್ರೆ ಒಂದೇ ಸಲಕ್ಕೆ ಜಾಸ್ತಿ ಆಡಿಸ್ಬೇಡಿ" ಎಂದರು.

ನಿಮ್ಮಣ್ಣ ವಾಕಿಂಗಿಗೆ ಹೋದಾಗ ಬೀರು ತೆರೆದು, ಕೋಲುಗಳನ್ನು ಕಂಪ್ಯೂಟರಿಗೆ ಸಿಕ್ಕಿಸಿ, ತುದಿಯನ್ನು ಹತ್ತಿರ ತಂದೆ. ಆಮೇಲೆ ಜಾಯ್‌ಸ್ಟಿಕ್ಕುಗಳನ್ನು ಮೇಜಿನ ಮೇಲೇ ಬಿಟ್ಟು, "ತಂತಿ ಏನೋ ಸರಿಮಾಡೋದಕ್ಕೆ ಹೇಳಿದ್ದಳು, ಮಾಡಿದೀನಿ, ಒಂದ್ಸಲ ನೋಡಿ" ಎಂದೆ. ಎರಡು ದಿನ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ನಾನು ಗಿರಾಕಿಯೊಬ್ಬರ ಸೊಂಟದ ಅಳತೆ ತೆಗೆಯುತ್ತಿದ್ದಾಗ ಒಳಗಿನಿಂದ ಧಡ್ ಎಂಬ ಸದ್ದು. ಟೇಪು ಅವರ ಸೊಂಟಕ್ಕೇ ಬಿಟ್ಟು ಓಡಿದೆ. ಏನೂ ಆಗಿರಲಿಲ್ಲ. ಗೇಮಿನಲ್ಲಿ ಪೆಟ್ಟಿಗೆಯನ್ನು ಮೇಲಕ್ಕೆತ್ತಿ ಲಾರಿಯ ಮೇಲೆ ಎತ್ತಿಹಾಕಿದ್ದರು. "ಕೂರಿಸೋದು ಇನ್ನೂ ಬರ್ತಿಲ್ಲ. ಎತ್ತೋದು ಬಂತು" ಎಂದರು, ನನ್ನ ಕಡೆ ತಿರುಗದೆಯೇ.

ನಾನು ಹೊರಗೆ ಬಂದು ಅಳತೆ ಮುಗಿಸಿದೆ. ಎಷ್ಟು ಬರೆದುಕೊಂಡೆನೋ ದೇವರೇ ಬಲ್ಲ. ಆ ಲಂಗವನ್ನು ಮತ್ತೆ ಬಿಚ್ಚಬೇಕಾಯಿತು.

ಅತ್ತಿಗೆ


ಏಪ್ರಿಲ್ 10

ಅತ್ತಿಗೆ,

ಕೇಬಲ್ ಬೆಸೆದು ಸಮುದ್ರಕ್ಕೆ ಬಿಟ್ಟೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಿದ್ದು ಲಾರಿಯ ಮೇಲೆ ಬಿದ್ದ ಪೆಟ್ಟಿಗೆಗೆ.

ತಂತಿ


ಮೇ 6

ತಂತಿ,

ತುದಿಯನ್ನು ಈಗ ಅರ್ಧಕ್ಕಿಂತ ಆಚೆ ಸರಿಸಿದ್ದೇನೆ. ಪ್ರತಿ ಸಲವೂ ಕಳ್ಳಿಯ ಹಾಗೆ ಬಾಗಿಲ ಕಡೆ ನೋಡಿಕೊಂಡೇ ಸರಿಸುತ್ತೇನೆ. ಆ ದಿನ ಅವರಿಗೆ ಸ್ವಲ್ಪ ಕಷ್ಟ, "ಇವತ್ಯಾಕೋ ಕೈ ಭಾರ" ಎನ್ನುತ್ತಾರೆ. ನಾನು ಹವೆಯ ಮೇಲೆ ಹಾಕುತ್ತೇನೆ. ನಾಲ್ಕು ದಿನಕ್ಕೆ ಕೈ ಹೊಂದಿಕೊಳ್ಳುತ್ತದೆ.

ಹೋದ ವಾರ ಎದೆ ಒಡೆಯಿತು. ಕಂಪ್ಯೂಟರು ಏನೋ ಅಪ್‌ಡೇಟ್ ಬೇಕೆಂದಿತು, ಹೂಂ ಎಂದೆ. ಆಮೇಲೆ ಗೇಮ್ ಏಳಲಿಲ್ಲ. ಮತ್ತೆ ಅದೇ ಚಕ್ರ, ಅದೇ ಮೌನ. ನಿನಗೆ ಬರೆಯಲು ಕೂತೆ. ಎರಡು ಸಾಲು ಬರೆದ ಮೇಲೆ, ತಂತಿ ಏನು ಹೇಳುತ್ತಾಳೆಂದು ನನಗೇ ಗೊತ್ತಲ್ಲ ಅನ್ನಿಸಿತು. ಕಪ್ಪು ಕಿಟಕಿ ತೆರೆದೆ, ಅದರ ಗೊಣಗಾಟ ಓದಿದೆ. ವೈನ್ ತಾನಾಗಿ ಹೊಸ ಆವೃತ್ತಿಗೆ ಹೋಗಿತ್ತು. ನಮ್ಮ ಮೂರನೆಯದಕ್ಕೆ ವಾಪಸ್ ತಂದೆ. ಎದ್ದಿತು. ನಿಮ್ಮಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅಂಗಡಿ ಮುಂದೆ ಇನ್ನೊಂದು ಬೋರ್ಡು ಹಾಕೋಣ್ವಾ? ಬಟ್ಟೆಯೂ ರಿಪೇರಿ, ಕಂಪ್ಯೂಟರೂ ರಿಪೇರಿ" ಎಂದರು.

ಇವತ್ತು ಅಂಗಿಯ ಗುಂಡಿ ತಾವೇ ಹಾಕಿಕೊಂಡರು. ಮೇಲಿನದೊಂದು ತಪ್ಪಾಗಿತ್ತು. ನಾನು ಸರಿಮಾಡಲಿಲ್ಲ.

ಅತ್ತಿಗೆ


ಜೂನ್ 12

ತಂಗಿ ತಂತಿಗೆ,

ಇದು ಅಣ್ಣ. ಎರಡೂ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ನಿಧಾನ, ಆದರೆ ಎರಡೂ ಕೈ.

ನಿಮ್ಮಿಬ್ಬರ ಪತ್ರಗಳನ್ನು ನಾನು ಓದುವುದಿಲ್ಲವೆಂದು ನೀವು ತಿಳಿದಿದ್ದಿರಿ. ಮಾರ್ಚಿನ ಆ ಒಂದು ಪತ್ರ ಬಿಟ್ಟರೆ ನಿಜವಾಗಿಯೂ ಓದಿಲ್ಲ. ಓದುವ ಅಗತ್ಯ ಬೀಳಲಿಲ್ಲ. ಇಷ್ಟು ವರ್ಷ ಲಿವರ್ ಹಿಡಿದವನಿಗೆ, ತಾನು ತಳ್ಳಿದ್ದೆಷ್ಟು, ಪೆಟ್ಟಿಗೆ ಎದ್ದದ್ದೆಷ್ಟು ಎಂದು ತಿಳಿಯುವುದಿಲ್ಲವೇ? ಮೊದಲ ದಿನವೇ ಅಂದುಕೊಂಡೆ, ಈ ಕೋಲು ನನ್ನ ಪರವಾಗಿ ಸುಳ್ಳು ಹೇಳುತ್ತಿದೆ. ಎದ್ದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ನಿಮ್ಮತ್ತಿಗೆ ಕೊರಳಿಗೆ ಟೇಪು ಕೂಡ ಇಲ್ಲದೆ ಓಡಿಬಂದಳು. ಆ ಮುಖ ನೋಡಬಾರದೆಂದು ಪರದೆ ನೋಡುತ್ತಾ ಕೂತೆ. ಆಮೇಲೆ ಎದ್ದು ಹೋಗಲು ಮನಸ್ಸು ಬರಲಿಲ್ಲ.

ಅವಳು ಸರಿಸುತ್ತಿದ್ದಳು, ನಾನು ಕೈ ಭಾರ ಎನ್ನುತ್ತಿದ್ದೆ, ಅವಳು ಹವೆ ಎನ್ನುತ್ತಿದ್ದಳು. ಹೀಗೇ ನಡೆಯಿತು. ಮೇ ಕೊನೆಯಲ್ಲಿ ಅವಳು ಸಂತೆಗೆ ಹೋದಾಗ ನಾನೇ ಆ ಪ್ರೋಗ್ರಾಮ್ ತೆರೆದು ತುದಿಯನ್ನು ಅದರ ನಿಜವಾದ ಜಾಗಕ್ಕೆ ಕಳಿಸಿಬಿಟ್ಟೆ. ಮರುದಿನ ಅವಳು ಗುಟ್ಟಾಗಿ ಸರಿಸಲು ನೋಡಿದರೆ ಸರಿಸಲು ಏನೂ ಉಳಿದಿರಲಿಲ್ಲ. ಆಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಬೈದಳು, ಮದುವೆಯಾದ ಮೇಲೆ ಅಷ್ಟು ಚೆನ್ನಾಗಿ ಬೈದದ್ದು ಅದೇ ಮೊದಲು.

ಜಾಯ್‌ಸ್ಟಿಕ್ ಕೆಟ್ಟಿದೆ ಎಂದು ಬರೆದದ್ದಕ್ಕೆ ನೀನು ಕೊರಗುತ್ತಿದ್ದೀಯೆಂದು ಅವಳು ಹೇಳಿದಳು. ಕೊರಗಬೇಡ. ಹೇಳಬೇಡ ಎಂದು ಬಾಯಿ ಕಟ್ಟಿದವನು ನಾನು. ವೈದ್ಯರಿಗೆ ಹೊಟ್ಟೆನೋವೆಂದು ಹೇಳಿ ಹಲ್ಲು ತೋರಿಸಿದರೆ ಔಷಧಿ ಯಾವುದಕ್ಕೆ ಕೊಡುತ್ತಾರೆ? ಇನ್ನು ಮುಂದೆ ಏನೇ ಆದರೂ ನಿನಗೆ ಹೇಳುತ್ತೇನೆ. ನೀನೂ ಓಡಿ ಬರುವ ಮೊದಲು ಒಂದು ಮಾತು ಕೇಳು.

ಇವತ್ತು ಪರೀಕ್ಷೆ ಇತ್ತು.

ಏಣಿ ಹತ್ತುವಾಗ ಮೆಟ್ಟಿಲು ಮೆಟ್ಟಿಲಿಗೂ ಬಲಗೈಯನ್ನೇ ನೋಡುತ್ತಾ ಹತ್ತಿದೆ. ಮೇಲೆ ಕ್ಯಾಬಿನ್ನಿನಲ್ಲಿ ಸುರಕ್ಷತೆಯ ಅಧಿಕಾರಿ ನನ್ನ ಬೆನ್ನ ಹಿಂದಿನ ಕುರ್ಚಿಯಲ್ಲಿ ಕೂತರು. ಕೆಳಗೆ ಖಾಲಿ ಕಂಟೇನರ್, ಆಚೆ ಲಾರಿ. ಗಾಳಿ ಇತ್ತು, ನಿಜವಾದ ಗಾಳಿ. ಲಿವರ್ ಹಿಡಿದಾಗ ಹೆಬ್ಬೆರಳು ಒಂದು ಕ್ಷಣ ನಡುಗಿತು. ಅಧಿಕಾರಿಗೂ ಕಂಡಿರಬೇಕು. "ಟೈಮ್ ತಗೊಳ್ಳಿ" ಎಂದರು. ತೆಗೆದುಕೊಂಡೆ. ಎತ್ತಿದೆ. ತೂಗಾಟ ನಿಲ್ಲುವವರೆಗೆ ಕಾದೆ. ಇಳಿಸುವಾಗ ಕೊನೆಯ ಒಂದು ಮೊಳದಲ್ಲಿ ನನ್ನ ಉಸಿರೂ ಬೆರಳೂ ಒಂದೇ ಆದವು. ಪೆಟ್ಟಿಗೆ ಕೂತಿತು. ಲಾರಿಯ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಇನ್ನೂ ಯಾಕೆ ಇಳಿಸುತ್ತಿಲ್ಲ ಎಂಬ ಹಾಗೆ ಮೇಲೆ ನೋಡುತ್ತಿದ್ದ. ಕೂತದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಅಧಿಕಾರಿ ಇನ್ನೂ ಮೂರು ಪೆಟ್ಟಿಗೆ ಎತ್ತಿಸಿದರು. ಮೂರನೆಯದು ಸ್ವಲ್ಪ ಸದ್ದು ಮಾಡಿತು. ಕೊನೆಗೆ, "ಸೋಮವಾರದಿಂದ ಅರ್ಧ ಪಾಳಿ. ಒಂದು ತಿಂಗಳು ಹಾಗೇ ಹೋಗ್ಲಿ, ಆಮೇಲೆ ಪೂರ್ತಿ" ಎಂದರು. ಕುಲುಕಲು ಕೈ ಚಾಚಿದರು. ಬಲಗೈಯನ್ನೇ ಕೊಟ್ಟೆ.

ಕೆಳಗಿಳಿದು ನಿಮ್ಮತ್ತಿಗೆಗೆ ಫೋನ್ ಮಾಡಿದೆ. "ಆಯ್ತು" ಎಂದೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಕೇಳಿಸ್ತಾ?" ಎಂದೆ.

"ಕೇಳಿಸ್ತು" ಎಂದಳು. "ಇನ್ನೊಂದ್ಸಲ ಹೇಳಿ."

ನಿನ್ನ ಅಣ್ಣ